ಕ್ರೈಸ್ಟ್ ವಿಶ್ವವಿದ್ಯಾಲಯ

ಕ್ರೈಸ್ಟ್ ವಿಶ್ವವಿದ್ಯಾಲಯವು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕೇಂದ್ರ ಆವರಣವನ್ನು ಹೊಂದಿರುವ ಖಾಸಗಿ ಕಥೋಲಿಕ ವಿದ್ಯಾಸಂಸ್ಥೆ. 1969ರಲ್ಲಿ ಕ್ರೈಸ್ಟ್ ಕಾಲೇಜು ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಯು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನವನ್ನು ಪಡೆಯಿತು. ಸಿ.ಎಂ.ಐ. ಎಂದು ಪರಿಚಿತವಾದ ಕಾರ್ಮೆಲೈಟ್ಸ್ ಆಫ್ ಮೇರಿ ಇಮ್ಯಾಕ್ಯುಲೇಟ್ ಎಂಬ ಧಾರ್ಮಿಕ ಸಭೆಯು ಇದನ್ನು ನಡೆಸುತ್ತದೆ. ಬೆಂಗಳೂರಿನಲ್ಲಿಯೇ ನಾಲ್ಕು ಆವರಣಗಳಿದ್ದು, ಮಹಾರಾಷ್ಟ್ರದ ಲವಾಸಾ ಹಾಗೂ ದೆಹಲಿ ಸಮೀಪದ ಗಾಜಿಯಾಬಾದ್‌ಗಳಲ್ಲಿಯೂ ಆವರಣಗಳಿವೆ. ಬೋಧನಾ ಮಾಧ್ಯಮ ಇಂಗ್ಲಿಷ್. ಆದರೂ ಕನ್ನಡ ಸಾಹಿತ್ಯದ ಓದುಗರಿಗೆ ಈ ಹೆಸರು ಬಹುಕಾಲದಿಂದ ಪರಿಚಿತವಾಗಿರುವುದು ಇಲ್ಲಿನ ಕನ್ನಡ ಸಂಘದಿಂದ.

ಸ್ಥಾಪಕ ಸಭೆ

ಸಿ.ಎಂ.ಐ. ಸಭೆಯು 1831ರಲ್ಲಿ ಕೇರಳದ ಮಾನ್ನಾನಂನಲ್ಲಿ ಸ್ಥಾಪಿತವಾಯಿತು. ಪಾಲಕ್ಕಲ್ ತೋಮಾ ಮಲ್ಪಾನ್, ಪೋರುಕರ ತೋಮಾ ಮಲ್ಪಾನ್ ಮತ್ತು ಕುರಿಯಾಕೋಸ್ ಏಲಿಯಾಸ್ ಚಾವರ ಇದರ ಸ್ಥಾಪಕರು. ಸಭೆಯು ಸಿರೋ ಮಲಬಾರ್ ಧರ್ಮಸಭೆಗೆ ಸೇರಿದುದು. ಇದು ರೋಮಿನ ಪೋಪರ ಅಧಿಕಾರವನ್ನು ಒಪ್ಪಿಕೊಂಡಿದ್ದರೂ ತನ್ನದೇ ಪೌರಸ್ತ್ಯ ಆರಾಧನಾ ಕ್ರಮವನ್ನು ಉಳಿಸಿಕೊಂಡಿರುವ ಪರಂಪರೆ. ಚಾವರ ಅವರು 1846ರಲ್ಲಿ ಮಾನ್ನಾನಂನಲ್ಲಿ ಸಂಸ್ಕೃತ ಶಾಲೆಯನ್ನೂ ಮುದ್ರಣಾಲಯವನ್ನೂ ಆರಂಭಿಸಿದರು. ಪ್ರತಿಯೊಂದು ಚರ್ಚಿನ ಜೊತೆಗೂ ಒಂದು ಶಾಲೆ ಇರಬೇಕೆಂಬುದು ಅವರ ಆಗ್ರಹವಾಗಿತ್ತು. 2014ರ ನವೆಂಬರ್ 23ರಂದು ಪೋಪ್ ಫ್ರಾನ್ಸಿಸ್ ಅವರು ಚಾವರರನ್ನು ಸಂತರೆಂದು ಘೋಷಿಸಿದರು.

ಸಭೆಯ ಗುರುಮಠವು 1957ರಲ್ಲಿ ಕೇರಳದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅದೇ ಇಂದಿನ ಧರ್ಮಾರಾಂ ಕಾಲೇಜು. ಧರ್ಮದ ಆರಾಮ, ಅಂದರೆ ಧರ್ಮದ ಉದ್ಯಾನ ಎಂಬುದು ಈ ಸಂಸ್ಕೃತ ಸಮಾಸದ ಅರ್ಥ. ಕ್ರೈಸ್ತ ಗುರುಮಠವೊಂದಕ್ಕೆ ಇಂಥ ಹೆಸರನ್ನು ಆರಿಸಿಕೊಂಡದ್ದು ಗಮನಾರ್ಹ. ಇದರ ಮಗ್ಗುಲಲ್ಲಿಯೇ 1969ರಲ್ಲಿ ಕ್ರೈಸ್ಟ್ ಕಾಲೇಜು ತಲೆಯೆತ್ತಿತು.

ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ

ಆರಂಭದಲ್ಲಿ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿತ್ತು. ತುಮಕೂರು ಜಿಲ್ಲೆಯ ಕಾಲೇಜುಗಳು ಕೂಡ 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಅದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಹೊಸೂರು ರಸ್ತೆಯ ವಿದ್ಯಾರ್ಥಿಗೂ ತುಮಕೂರಿನ ವಿದ್ಯಾರ್ಥಿಗೂ ಪದವಿ ಕೊಡುತ್ತಿದ್ದುದು ಒಂದೇ ವಿಶ್ವವಿದ್ಯಾಲಯ. ಕ್ರೈಸ್ಟ್ ಕಾಲೇಜಿಗೆ ಸ್ವಾಯತ್ತತೆ ದೊರೆತದ್ದು ಅದೇ 2004ರಲ್ಲಿ ಎಂಬುದು ಕಾಕತಾಳೀಯ. ಆ ವರ್ಷದಿಂದ ಎರಡರ ದಾರಿಗಳೂ ಬೇರೆಯಾದವು.

2008ರ ಜುಲೈ 22ರಂದು ಕೇಂದ್ರ ಸರ್ಕಾರವು ವಿಶ್ವವಿದ್ಯಾಲಯ ಅನುದಾನ ಆಯೋಗದ 1956ರ ಅಧಿನಿಯಮದ 3ನೆಯ ಪ್ರಕರಣದ ಅನ್ವಯ ಕಾಲೇಜನ್ನು ಡೀಮ್ಡ್ ವಿಶ್ವವಿದ್ಯಾಲಯವೆಂದು ಘೋಷಿಸಿತು. ಪಠ್ಯಕ್ರಮ, ಪರೀಕ್ಷೆ, ಪದವಿ ಪ್ರದಾನಗಳೆಲ್ಲ ಸಂಸ್ಥೆಯ ಕೈಗೆ ಬಂದವು. ಶಾಸನಸಭೆಯ ಕಾಯ್ದೆಯಿಂದ ಹುಟ್ಟುವ ವಿಶ್ವವಿದ್ಯಾಲಯಕ್ಕೂ ಹೀಗೆ ಘೋಷಣೆಯಿಂದ ಆಗುವ ಸಂಸ್ಥೆಗೂ ಕಾನೂನಿನ ದೃಷ್ಟಿಯಲ್ಲಿ ವ್ಯತ್ಯಾಸವಿದೆ. 2017ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಅನುಸರಿಸಿ ಅನುದಾನ ಆಯೋಗವು, ಡೀಮ್ಡ್ ಸಂಸ್ಥೆಗಳು ತಮ್ಮ ಹೆಸರಿನಲ್ಲಿ ವಿಶ್ವವಿದ್ಯಾಲಯ ಎಂಬ ಪದವನ್ನು ನೇರವಾಗಿ ಬಳಸಬಾರದೆಂದು ಸೂಚಿಸಿತು. ಅಂದಿನಿಂದ ಸಂಸ್ಥೆಯು ತನ್ನ ಹೆಸರನ್ನು ಕ್ರೈಸ್ಟ್ (ಡೀಮ್ಡ್ ಟು ಬಿ ಯೂನಿವರ್ಸಿಟಿ) ಎಂದು ಬರೆದುಕೊಳ್ಳುತ್ತಿದೆ. ಜನರ ಮಾತಿನಲ್ಲಿ ಮಾತ್ರ ಅದು ಕ್ರೈಸ್ಟ್ ಯೂನಿವರ್ಸಿಟಿಯೇ. ಹಳಬರಿಗೆ ಇಂದಿಗೂ ಕ್ರೈಸ್ಟ್ ಕಾಲೇಜು.

ನಗರದ ಮತ್ತೊಂದು ಕಥೋಲಿಕ ಸಂಸ್ಥೆಯಾದ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯದೊಡನೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. 1882ರಲ್ಲಿ ಫ್ರೆಂಚ್ ಪಾದ್ರಿಗಳು ಸ್ಥಾಪಿಸಿ, 1937ರಲ್ಲಿ ಜೆಸುಯಿಟರ ಆಡಳಿತಕ್ಕೆ ಬಂದ ಆ ಸಂಸ್ಥೆಯು ರಾಜ್ಯದ ಕಾಯ್ದೆಯ ಮೂಲಕ ವಿಶ್ವವಿದ್ಯಾಲಯವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಉದ್ಘಾಟಿಸಿದರು.

ಕನ್ನಡ ಸಂಘ

ಕ್ರೈಸ್ಟ್ ಕಾಲೇಜು ಕನ್ನಡ ಸಂಘವು 1972ರಲ್ಲಿ ಆರಂಭವಾಯಿತು. ಇದರ ಜೀವಾಳವಾಗಿದ್ದವರು ಕಾಲೇಜಿನ ಕನ್ನಡ ಪ್ರಾಧ್ಯಾಪಕರೂ ಕವಿ, ನಾಟಕಕಾರರೂ ಆಗಿದ್ದ ಚಿ. ಶ್ರೀನಿವಾಸರಾಜು (1942–2007). ಇಂಗ್ಲಿಷ್ ಮಾಧ್ಯಮದ, ಮಲಯಾಳಿ ಮೂಲದ ಧರ್ಮಗುರುಗಳು ನಡೆಸುತ್ತಿದ್ದ, ಬೇರೆ ಬೇರೆ ರಾಜ್ಯಗಳ ವಿದ್ಯಾರ್ಥಿಗಳು ಬಂದು ಓದುತ್ತಿದ್ದ ಕಾಲೇಜಿನಲ್ಲಿ ಕನ್ನಡ ಸಂಘವೆಂದರೆ ನವೆಂಬರ್ ತಿಂಗಳ ಒಂದು ಸಮಾರಂಭಕ್ಕೆ ಮುಗಿಯಬಹುದಾಗಿತ್ತು. ಹಾಗಾಗಲಿಲ್ಲ. ಶ್ರೀನಿವಾಸರಾಜು ಅವರು ಸಂಘವನ್ನು ಒಂದು ಪ್ರಕಾಶನ ಸಂಸ್ಥೆಯನ್ನಾಗಿ ಬೆಳೆಸಿದರು. ಕವಿತೆ, ನಾಟಕ, ವಿಮರ್ಶೆ, ಸಂಶೋಧನೆಗಳಿಗೆ ಸೇರಿದ ನೂರಕ್ಕೂ ಹೆಚ್ಚು ಪುಸ್ತಕಗಳು ಸಂಘದಿಂದ ಹೊರಬಂದವು. ಬೆಲೆ ಕಡಿಮೆ, ಮುದ್ರಣ ಅಚ್ಚುಕಟ್ಟು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಸರ್ಕಾರದ ಹಣದಿಂದ ಮಾಡುತ್ತಿದ್ದ ಕೆಲಸವನ್ನು ಒಂದು ಖಾಸಗಿ ಕಾಲೇಜಿನ ವಿದ್ಯಾರ್ಥಿ ಸಂಘ ಮಾಡಿ ತೋರಿಸಿತು.

ಸಂಘದ ಇನ್ನೊಂದು ಮುಖ್ಯ ಚಟುವಟಿಕೆ ದ.ರಾ. ಬೇಂದ್ರೆ ಸ್ಮೃತಿ ಕವನ ಸ್ಪರ್ಧೆ. ನಾಡಿನ ಯಾವ ಕಾಲೇಜಿನ ವಿದ್ಯಾರ್ಥಿಯೂ ಇದಕ್ಕೆ ಕವನ ಕಳುಹಿಸಬಹುದಾಗಿತ್ತು. ಬಹುಮಾನಿತ ಕವನಗಳು ಸಂಕಲನವಾಗಿ ಪ್ರಕಟವಾಗುತ್ತಿದ್ದವು. ಸಣ್ಣ ಊರಿನ ಕಾಲೇಜಿನಲ್ಲಿ ಕುಳಿತು ಬರೆಯುವ ಹುಡುಗ ಹುಡುಗಿಯರಿಗೆ ತಮ್ಮ ಕವನವನ್ನು ಪುಸ್ತಕದಲ್ಲಿ ಅಚ್ಚಾದ ರೂಪದಲ್ಲಿ ಕಾಣುವ ಮೊದಲ ಅವಕಾಶ ಇದಾಗಿತ್ತು. ಹೊರ ರಾಜ್ಯಗಳ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವ ತರಗತಿಗಳನ್ನೂ ಸಂಘ ನಡೆಸಿತು.

ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ಬರೆಸುವ ಕೆಲಸ 2013ರಲ್ಲಿ ಬೇರೊಂದು ರೂಪ ತಾಳಿತು. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಹಯೋಗದಲ್ಲಿ ವಿಕಿಪೀಡಿಯ ಶಿಕ್ಷಣ ಯೋಜನೆ ಆರಂಭವಾಗಿ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಓದುತ್ತಿದ್ದ ವಿದ್ಯಾರ್ಥಿಗಳು ತಮ್ಮ ಅಭ್ಯಾಸದ ಭಾಗವಾಗಿ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆದರು.

ಆವರಣಗಳು

ಕೇಂದ್ರ ಆವರಣವು ಡೇರಿ ವೃತ್ತದ ಬಳಿ ಸುಮಾರು 25 ಎಕರೆ ಪ್ರದೇಶದಲ್ಲಿದೆ. ಆವರಣದೊಳಗೆಯೇ ಬಳಸಿದ ಕಾಗದವನ್ನು ಮರುಬಳಕೆಗೆ ಸಿದ್ಧಪಡಿಸುವ ಘಟಕವಿದೆ. ಎಂಜಿನಿಯರಿಂಗ್ ವಿಭಾಗವು ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಬಳಿಯಿರುವ ಕೆಂಗೇರಿ ಆವರಣದಲ್ಲಿ 2009ರಲ್ಲಿ ಆರಂಭವಾಯಿತು. ಮೂರನೆಯದು ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿದೆ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಿಗೆ ಹತ್ತಿರವಾದುದು ಯಶವಂತಪುರ ಆವರಣ. ಹೆಸರು ಯಶವಂತಪುರವಾದರೂ ಅದು ಇರುವುದು ತುಮಕೂರು ರಸ್ತೆಯ ಸಮೀಪ, ನಾಗಸಂದ್ರದಲ್ಲಿ. ಗುಬ್ಬಿ, ತುಮಕೂರುಗಳಿಂದ ರೈಲಿನಲ್ಲಿ ಬಂದು ಯಶವಂತಪುರ ನಿಲ್ದಾಣದಲ್ಲಿ ಇಳಿಯುವವರು ಬಂದ ದಿಕ್ಕಿಗೇ ಮರಳಿ ಹೋಗಬೇಕಾಗುತ್ತದೆ. ಕುಣಿಗಲ್‌ನಿಂದ ಬರುವ ಹೆದ್ದಾರಿ ನೆಲಮಂಗಲದಲ್ಲಿ ತುಮಕೂರು ರಸ್ತೆಯನ್ನು ಕೂಡುವುದರಿಂದ ಅಲ್ಲಿಯವರಿಗೂ ಇದೇ ದಾರಿ.

ಪ್ರವೇಶ ಮತ್ತು ಅಲ್ಪಸಂಖ್ಯಾತ ಸ್ಥಾನ

ಸಂವಿಧಾನದ 30ನೆಯ ವಿಧಿಯು ಧಾರ್ಮಿಕ ಹಾಗೂ ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡುತ್ತದೆ. ಈ ಹಕ್ಕಿನ ವ್ಯಾಪ್ತಿಯನ್ನು ವಿವರಿಸಿದ ಪ್ರಮುಖ ತೀರ್ಪು ಹೊರಬಿದ್ದದ್ದು ಕರ್ನಾಟಕದ ಮೊಕದ್ದಮೆಯಲ್ಲಿಯೇ: ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು 2002ರ ಅಕ್ಟೋಬರ್ 31ರಂದು ತೀರ್ಪಿತ್ತಿತು. ಮುಂದೆ ಸಂವಿಧಾನಕ್ಕೆ ಸೇರಿದ 15(5)ನೆಯ ವಿಧಿಯು ಖಾಸಗಿ ವಿದ್ಯಾಸಂಸ್ಥೆಗಳಲ್ಲಿ ಮೀಸಲಾತಿಗೆ ಅವಕಾಶ ಕಲ್ಪಿಸಿತಾದರೂ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿತು. ಪ್ರವೇಶಾಕಾಂಕ್ಷಿಗಳ ಪೋಷಕರು ಈ ಅಂಶವನ್ನು ತಿಳಿದಿರುವುದು ಅಗತ್ಯ. ಎಲ್ಲ ಮತಧರ್ಮಗಳ ವಿದ್ಯಾರ್ಥಿಗಳಿಗೂ ಇಲ್ಲಿ ಪ್ರವೇಶವಿದೆ. ಆಯ್ಕೆಯು ಸಂಸ್ಥೆಯದೇ ಪ್ರವೇಶ ಪ್ರಕ್ರಿಯೆಯ ಮೂಲಕ ನಡೆಯುತ್ತದೆ. ವಾಣಿಜ್ಯ, ನಿರ್ವಹಣಾಶಾಸ್ತ್ರ, ಕಾನೂನು, ಮನೋವಿಜ್ಞಾನ, ಎಂಜಿನಿಯರಿಂಗ್ ಮೊದಲಾದ ವಿಷಯಗಳಲ್ಲಿ ಪದವಿ, ಸ್ನಾತಕೋತ್ತರ ಪದವಿ ಹಾಗೂ ಸಂಶೋಧನಾ ಅಧ್ಯಯನಕ್ಕೆ ಅವಕಾಶವಿದೆ.