ಏರಿ ಕಾದವರು

ನಮ್ಮ ತಾತ ನೀರಗಂಟಿ. ಅವರಪ್ಪನೂ ನೀರಗಂಟಿ, ಅದಕ್ಕೂ ಹಿಂದಿನವರೂ ನೀರಗಂಟಿಗಳೇ. ಕೋಲಾರ ಸೀಮೆಯ ನಮ್ಮೂರ ಕೆರೆಯ ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿಗೆ ಸರದಿಯ ಮೇಲೆ ನೀರು ಬಿಡುವುದು, ಮಳೆಗಾಲದಲ್ಲಿ ಹಗಲೂ ರಾತ್ರಿ ಏರಿ ಕಾಯುವುದು ನಮ್ಮ ಮನೆಯವರ ಪಾಲಿನ ಕೆಲಸವಾಗಿತ್ತು. ಕೆರೆಗಳ ಚರಿತ್ರೆ ಬರೆಯುವವರು ಕಟ್ಟಿಸಿದ ಅರಸರನ್ನೂ ದಂಡನಾಯಕರನ್ನೂ ನೆನೆಯುತ್ತಾರೆ. ನೆನೆಯಬೇಕಾದ್ದೇ. ಆದರೆ ಬರೀ ಮಣ್ಣಿನ ಏರಿ ನೂರಾರು ಮಳೆಗಾಲ ತಡೆದುಕೊಂಡು ನಿಲ್ಲಬೇಕಾದರೆ ದಿನಾ ಅದರ ಮೇಲೆ ನಡೆದು ನೋಡುವವನೊಬ್ಬ ಇರಲೇಬೇಕು. ಅವನ ಬಗ್ಗೆ ಬರೆದದ್ದು ಕಡಿಮೆ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಅದನ್ನೇ ಹುಡುಕುತ್ತಿದ್ದೇನೆ.

ಕಟ್ಟಿದ ಕೆರೆಯನ್ನು ಕಾಪಾಡಲು ದುಡ್ಡು ಬೇಕು ಎಂಬುದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿನ ಅಗರದಲ್ಲಿ ಗಂಗರ ಕಾಲದ, ಸುಮಾರು 870ರ ಶಾಸನವಿದೆ. ಎರಡು ಕೆರೆಗಳಿಗೆ ತೂಬು ಇಡಿಸಿ, ಇನ್ನೊಂದು ಕೆರೆ ಕಟ್ಟಿಸಿದ ಇರುಗಮಯ್ಯನಿಗೆ ಬಿತ್ತುವಟ್ಟ ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಕೆರೆಯ ನೀರಿನಲ್ಲಿ ಬೆಳೆದ ಬೆಳೆಯಲ್ಲಿ ಒಂದು ಪಾಲು ಕೆರೆಯ ಕಡೆಗೇ ಹೋಗಬೇಕೆಂಬ ಏರ್ಪಾಡು ಅದು. ಹೂಳು ಎತ್ತುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ ದತ್ತಿ ಬಿಟ್ಟ ಶಾಸನಗಳೂ ಇವೆ. ನನ್ನ ಮಟ್ಟಿಗೆ ಕೆರೆ ಕಟ್ಟಿಸಿದ ಶಾಸನಗಳಿಗಿಂತ ಈ ಬಂಡಿಯ ಶಾಸನಗಳೇ ದೊಡ್ಡವು.

ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದ ಕೆರೆಯ ಬಳಿ ಬರೆಸಿದ ಸಂಸ್ಕೃತ ಶಾಸನವಂತೂ ಒಂದು ಕೈಪಿಡಿಯಂತಿದೆ. ದಿನಕ್ಕೆ 1000 ಆಳು, 100 ಬಂಡಿ ದುಡಿದು 2 ವರ್ಷದಲ್ಲಿ ಮುಗಿದ ಕೆರೆ. ಒಳ್ಳೆಯ ಕೆರೆಗೆ 12 ಅಂಗ, ಕೆಟ್ಟ ಕೆರೆಗೆ 6 ದೋಷ ಎಂದು ಅದು ಲೆಕ್ಕ ಕೊಡುತ್ತದೆ. ಏರಿಯಲ್ಲಿ ನೀರು ಒಸರುವುದು ಆ ದೋಷಗಳಲ್ಲಿ ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು. ಕಟ್ಟುವ ಕಸುಬು ಬಲ್ಲ ಆಳುಗಳನ್ನು 12 ಅಂಗಗಳಲ್ಲಿ ಸೇರಿಸಿದ್ದಾರೆ. ಒಸರುವುದನ್ನು ಮೊದಲು ಕಂಡು ಊರಿಗೆ ಕೂಗಿ ಹೇಳುವವನನ್ನು ಸೇರಿಸಿಲ್ಲ. ಅವನು ಹೇಗೂ ಇರುತ್ತಾನೆ ಎಂದುಕೊಂಡರೋ ಏನೋ.

ತಾತನ ಜೊತೆ ಏರಿಯ ಮೇಲೆ ನಾನು ಚಿಕ್ಕಂದಿನಲ್ಲಿ ನಡೆದಿದ್ದೇನೆ. ಅವರು ಕೆರೆಯ ನೀರಿನ ಕಡೆ ನೋಡುತ್ತಿದ್ದುದು ಕಡಿಮೆ; ಕಣ್ಣೆಲ್ಲ ಗದ್ದೆ ಕಡೆಯ ಇಳಿಜಾರಿನ ಮೇಲೆ. ಹುಲ್ಲು ಒಂದು ಕಡೆ ಮಾತ್ರ ಹಸಿರಾಗಿದ್ದರೆ ಅಲ್ಲಿ ನಿಲ್ಲುತ್ತಿದ್ದರು. ಏಡಿ ಬಿಲ, ಹೆಗ್ಗಣದ ಬಿಲ ಕಂಡರೆ ಕೋಲು ಹಾಕಿ ಆಳ ನೋಡಿ, ಅಗೆದು, ಜೇಡಿಮಣ್ಣು ತುಂಬಿ ಕಾಲಲ್ಲಿ ಮೆಟ್ಟುತ್ತಿದ್ದರು. ಏರಿಯ ಮೇಲೆ ಜಾಲಿ ಸಸಿ ಎದ್ದರೆ ಬೆರಳುದ್ದ ಇರುವಾಗಲೇ ಕಿತ್ತೆಸೆಯುತ್ತಿದ್ದರು. ಬೆಳೆದ ಮರವನ್ನು ಕಡಿದರೆ ಬೇರು ಒಳಗೇ ಕೊಳೆತು, ನೀರಿಗೆ ದಾರಿಯಾಗುತ್ತದೆ. ಏರಿಯ ಬುಡಕ್ಕೆ ಇಳಿದು ಒಸರುವ ನೀರನ್ನು ಅಂಗೈಯಲ್ಲಿ ಹಿಡಿದು ನೋಡುವುದು ಕೊನೆಯ ಕೆಲಸ. ತಿಳಿಯಾಗಿದ್ದರೆ ಚೆಲ್ಲಿ ಮುಂದೆ ನಡೆಯುತ್ತಿದ್ದರು. ಮಣ್ಣು ಏರಿದ್ದರೆ, ಏರಿಯೊಳಗಿನ ಮಣ್ಣನ್ನು ನೀರು ಹೊತ್ತುಕೊಂಡು ಬರುತ್ತಿದೆ ಎಂದೇ ಅರ್ಥ. ಅವತ್ತು ಊರಲ್ಲಿ ಯಾರಿಗೂ ನಿದ್ದೆಯಿಲ್ಲ.

ಅವರು ಹೆಚ್ಚು ಹೊತ್ತು ಕೂರುತ್ತಿದ್ದದ್ದು ತೂಬಿನ ನೇರಕ್ಕೆ. ಹಳೆಯ ತೂಬು ಎಂದರೆ ಕೆರೆಯ ಒಳಗೆ ನಿಲ್ಲಿಸಿದ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡ ಹಾಸಿದ ಚಪ್ಪಡಿಗಳು, ಕೆಳಗಿನ ಚಪ್ಪಡಿಯಲ್ಲೊಂದು ದುಂಡು ಕಂಡಿ, ಕಂಡಿಗೆ ಕೂರುವ ಮರದ ಬಿರಡೆ, ಬಿರಡೆಗೆ ಉದ್ದನೆಯ ಗಳು. ಕಂಡಿಯಿಂದ ಇಳಿದ ನೀರು ಏರಿಯ ಅಡಿಯಲ್ಲಿ ಕಟ್ಟಿದ ಕಲ್ಲಿನ ಕಾಲುವೆಯಲ್ಲಿ ಆಚೆ ಬರುತ್ತದೆ. ಮಣ್ಣು ಮಣ್ಣಿಗೆ ಕೂಡಿಕೊಳ್ಳುವ ಹಾಗೆ ಕಲ್ಲಿಗೆ ಕೂಡಿಕೊಳ್ಳುವುದಿಲ್ಲವಾದ್ದರಿಂದ ಏರಿಯ ಸೋಲು ಅನೇಕ ಸಲ ಅಲ್ಲಿಂದಲೇ ಶುರುವಾಗುತ್ತದೆ. ಬಿರಡೆ ಸಿಕ್ಕಿಕೊಂಡರೆ ತುಂಬಿದ ಕೆರೆಯಲ್ಲಿ ಈಜಿ ಹೋಗಿ, ಮುಳುಗಿ ಬಿಡಿಸಬೇಕಿತ್ತು. ಆ ಹೊತ್ತಿನಲ್ಲಿ ಕಂಡಿಯ ಸೆಳೆತ ಎಂಥದ್ದೆಂದು ತಾತ ಹೇಳುವಾಗ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದರು.

ಇನ್ನು ಕೋಡಿ. ಕೆರೆಗೆ ಹೆಚ್ಚಾದ ನೀರು ಏರಿಗೆ ಏನೂ ಮಾಡದೆ ದಾಟಿಹೋಗಲು ಇರುವುದು ಅದೊಂದೇ ಬಾಗಿಲು. ಅಚ್ಚುಕಟ್ಟಿನ ರೈತರಿಗೆ ಕೋಡಿಯ ಮೇಲೆ ಮಣ್ಣು ಏರಿಸಿ ಇನ್ನೊಂದು ಅಡಿ ನೀರು ನಿಲ್ಲಿಸುವ ಆಸೆ. ಕೆರೆಯಂಗಳದ ಅಂಚಿನಲ್ಲಿ ಜಮೀನಿರುವವರಿಗೆ ಕೋಡಿಯನ್ನು ಇಳಿಸುವ ಆಸೆ. ಎರಡು ಕಡೆಯವರ ಬೈಗುಳವೂ ನೀರಗಂಟಿಗೇ. ಮಳೆ ಜೋರಾದ ರಾತ್ರಿ ಕೋಡಿಯ ಮಣ್ಣು ತೆಗೆಯುವ ಧೈರ್ಯ ಅವನೇ ಮಾಡಬೇಕು. ಬೇಗ ತೆಗೆದರೆ ಬೆಳೆಯ ನೀರು ಪೋಲಾಯಿತು, ತಡಮಾಡಿದರೆ ಏರಿಯೇ ಹೋಯಿತು.

ಇಷ್ಟು ಕೆಲಸಕ್ಕೆ ಸಿಗುತ್ತಿದ್ದದ್ದು ಸ್ವಲ್ಪ ಇನಾಂ ಜಮೀನು, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಕೊಡುವ ಆಯದ ಕಾಳು. ನೀರಗಂಟಿಕೆ ಬಹುಪಾಲು ಊರುಗಳಲ್ಲಿ ಹೊಲೆಯರ, ಮಾದಿಗರ ಪಾಲಿಗೇ ಬಂದ ಕೆಲಸ. ಅಚ್ಚುಕಟ್ಟಿನಲ್ಲಿ ಹೆಚ್ಚು ಜಮೀನಿಲ್ಲದವನು ನೀರು ಹಂಚಿದರೆ ಪಕ್ಷಪಾತವಿರದು ಎಂಬ ಲೆಕ್ಕಾಚಾರವೂ ಇತ್ತಂತೆ. ಊರಿನ ಗದ್ದೆಗಳಿಗೆಲ್ಲ ನೀರು ಹಾಯಿಸಿದ ನಮ್ಮ ತಾತನಿಗೆ ಊರೊಳಗಿನ ಬಾವಿಯಲ್ಲಿ ಒಂದು ಕೊಡ ಸೇದುವ ಹಕ್ಕಿರಲಿಲ್ಲ. ಹಳೆಯ ಕೆರೆ ವ್ಯವಸ್ಥೆಯನ್ನು ಹಾಡಿ ಹೊಗಳುವವರು ಈ ಮಾತನ್ನೂ ಸೇರಿಸಿ ಹೇಳಬೇಕು.

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎನ್ನುವ ಅರ್ಥದಲ್ಲಿ ಬರೆದಿದ್ದರು. ಒಂದರ ಕೋಡಿ ನೀರು ಇನ್ನೊಂದಕ್ಕೆ ಸೇರುವಂತೆ ಸಾಲುಸಾಲಾಗಿ ಕಟ್ಟಿದ ಕೆರೆಗಳಿವು. ಹೀಗಾಗಿ ಮೇಲಿನ ಊರಿನ ಅಸಡ್ಡೆಗೆ ಕೆಳಗಿನ ಊರು ಬೆಲೆ ತೆರುತ್ತದೆ. 1903ರ ನವೆಂಬರ್‌ನಲ್ಲಿ ಪಾಲಾರ್ ಬಯಲಿನಲ್ಲಿ ಆದದ್ದು ಅದೇ. ನಮ್ಮ ಕಡೆಯ ಕೆರೆಗಳು ಒಡೆದು, ಗಡಿಯಾಚೆಯ ವಾಣಿಯಂಬಾಡಿಗೆ ನೀರು ನುಗ್ಗಿ ಜನ ಸತ್ತರು. ಅದೇ ಪಾಲಾರ್ ಮೇಲಿನ ಬೇತಮಂಗಲದ ಕೆರೆ ಅದಕ್ಕೂ ಹಿಂದೆ ಒಡೆದದ್ದನ್ನು, ಸುಮಾರು 950ರಲ್ಲಿ ನೊಳಂಬ ಅರಸ ಮತ್ತೆ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಕೊಟ್ಟ ಕೆರೆ ಅದು.

ಸರ್ಕಾರ 1911ರಲ್ಲಿ ಕೆರೆ ಪಂಚಾಯತಿಗಳಿಗೆ ಕಾಯಿದೆ ಮಾಡಿತು. ಊರವರ ಕೈಯಿಂದ ಜಾರುತ್ತಿದ್ದ ಹೊಣೆಯನ್ನು ಮತ್ತೆ ಊರವರಿಗೆ ಹಚ್ಚುವ ಪ್ರಯತ್ನ. ಆಮೇಲೆ ಬಂತು ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ. 1961ರದ್ದು, ಜಾರಿಯಾದದ್ದು 1963ರಲ್ಲಿ. ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆ, ಪಟೇಲಿಕೆಯ ಜೊತೆಗೆ ತೋಟಿ, ತಳವಾರ, ನೀರಗಂಟಿ ಕೆಲಸಗಳೂ ಹೋದವು. ಇನಾಂ ಜಮೀನು ನಮ್ಮ ಮನೆಗೇ ಮರುಮಂಜೂರಾಯಿತು. ಹುಟ್ಟಿದ ಜಾತಿಗೆ ಕಟ್ಟಿಹಾಕಿದ್ದ ಕೆಲಸ ಹೋದದ್ದು ಸರಿಯಾದದ್ದೇ; ಅದರಿಂದಲೇ ನಾನು ಓದಿದೆ. ತಪ್ಪಾದದ್ದು ಬೇರೆ ಕಡೆ. ಆ ಜಾಗಕ್ಕೆ ಸಂಬಳ ಕೊಟ್ಟು ಇನ್ನೊಬ್ಬರನ್ನು ಯಾರೂ ನೇಮಿಸಲಿಲ್ಲ. ತಾತ ಮಾತ್ರ ಕೈಕಾಲು ಆಡುವವರೆಗೂ ಸಂಜೆ ಏರಿಗೆ ಹೋಗುತ್ತಲೇ ಇದ್ದರು.

ಕೊಳವೆಬಾವಿ ಬಂದ ಮೇಲೆ ಊರಿಗೆ ಕೆರೆಯ ಹಂಗು ತಪ್ಪಿತು. ಏರಿ ತುಂಬ ಬಳ್ಳಾರಿ ಜಾಲಿ ಬೆಳೆಯಿತು. ಕೋಡಿಯ ಕಾಲುವೆಯಲ್ಲಿ ಮನೆಗಳಾದವು. 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ತುಂಬಿದಾಗ ನಮ್ಮ ಏರಿಯ ಬುಡದಲ್ಲಿ, ತೂಬಿನ ಪಕ್ಕದಲ್ಲೇ, ಕೆಂಪು ನೀರು ಚಿಮ್ಮತೊಡಗಿತು. ಫೋನು ಮಾಡಿದ ಕಚೇರಿಯವರು ಬೆಳಿಗ್ಗೆ ಬರುತ್ತೇವೆ ಎಂದರು. ಹುಡುಗರು ಜೇಡಿಮಣ್ಣಿನ ಮೂಟೆ ತಂದು ಬಾಯಿ ಮುಚ್ಚಲು ಹೊರಟಾಗ ಎಂಬತ್ತು ದಾಟಿದ ನಮ್ಮಪ್ಪ ತಡೆದರು. "ನೀರು ಕಟ್ಟಬೇಡ್ರಪ್ಪ, ಇನ್ನೊಂದು ಕಡೆ ಕಿತ್ಕೊಂಡು ಬರ್ತದೆ. ನೀರು ಬರಲಿ, ಮಣ್ಣು ಬರದ ಹಂಗೆ ಮಾಡಿ," ಎಂದರು. ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ನಡುರಾತ್ರಿಯ ಹೊತ್ತಿಗೆ ನೀರು ತಿಳಿಯಾಯಿತು. ಇದು ಎಂಜಿನಿಯರಿಂಗ್ ಪುಸ್ತಕದಲ್ಲಿಯೂ ಇರುವ ಉಪಾಯ. ಅಪ್ಪ ಶಾಲೆಗೆ ಹೋದವರಲ್ಲ.

ಅದೇ ವರ್ಷ ದೇಶಕ್ಕೆ ಅಣೆಕಟ್ಟೆ ಸುರಕ್ಷತಾ ಕಾಯಿದೆ ಬಂತು. 15 ಮೀಟರಿಗಿಂತ ಎತ್ತರದವು, 10ರಿಂದ 15 ಮೀಟರಿನ ನಡುವೆ ಕೆಲವು ಷರತ್ತಿಗೆ ಒಳಪಟ್ಟವು ಅದರ ವ್ಯಾಪ್ತಿಗೆ ಬರುತ್ತವೆ. ನಮ್ಮ ಏರಿ 20 ಅಡಿ. ಕರ್ನಾಟಕದ ಸುಮಾರು 36 ಸಾವಿರ ಕೆರೆಗಳಲ್ಲಿ ಹೆಚ್ಚಿನವು ಇಂಥವೇ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನವು ಪಂಚಾಯತ್ ರಾಜ್ ಸಂಸ್ಥೆಗಳಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಎಂದು ಕಾಗದದ ಮೇಲೆ ಹಂಚಿಕೆಯಾಗಿದೆ. ಸಂಜೆ ಏರಿಯ ಮೇಲೆ ನಡೆಯುವುದು ಯಾರ ಕೆಲಸ ಎಂದು ಆ ಹಂಚಿಕೆಯಲ್ಲಿಲ್ಲ.

ಈ ಸಲದ ಗ್ರಾಮಸಭೆಯಲ್ಲಿ ನಾನು ಅರ್ಜಿ ಕೊಟ್ಟಿದ್ದೇನೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಕೆರೆಗೆ ಒಬ್ಬರು, ಗಂಡಸಾಗಲಿ ಹೆಂಗಸಾಗಲಿ, ಯಾವ ಜಾತಿಯವರಾದರೂ ಸರಿ, ತಿಂಗಳ ಸಂಬಳದ ಮೇಲೆ. ಜೊತೆಗೆ ಒಂದು ಬ್ಯಾಟರಿ, ಒಂದು ಪುಸ್ತಕ. ನೀರಿನ ಮಟ್ಟ, ಒಸರಿನ ಬಣ್ಣ, ಕೋಡಿಯ ಸ್ಥಿತಿ ದಿನಾ ಬರೆದಿಡಲು. ಏರಿಯ ಬಳಿ ಮರಳು, ಜಲ್ಲಿಯ ಗುಡ್ಡೆ ಯಾವಾಗಲೂ ಇರಬೇಕೆಂದೂ ಕೇಳಿದ್ದೇನೆ. ಸಂಬಳದ ಬಾಬ್ತು ಯಾವ ಲೆಕ್ಕದಿಂದ ಎಂದು ಪಂಚಾಯಿತಿಯವರು ಕೇಳಿದರು. ಅಚ್ಚುಕಟ್ಟಿನ ರೈತರು ಎಕರೆಗೆ ಇಷ್ಟೆಂದು ಕೊಡಲು ಒಪ್ಪಿದ್ದಾರೆ, ಉಳಿದದ್ದು ಪಂಚಾಯಿತಿ ಭರಿಸಲಿ ಎಂದಿದ್ದೇನೆ. ಅರ್ಜಿಯ ಜೊತೆ ಅಗರದ ಶಾಸನದ ಪಾಠವನ್ನೂ ಲಗತ್ತಿಸಿದ್ದೇನೆ.