ಎಂಜಿನಿಯರಿಂಗ್ ಬಿಟ್ಟು ಎಂಬಿಬಿಎಸ್ ಕಡೆಗೆ: ಗಡಿನಾಡಿನವರು ತಿಳಿದಿರಬೇಕಾದ ನಿಯಮಗಳು

ಮಂಗಳೂರು, ಮಂಜೇಶ್ವರ, ಕಾಸರಗೋಡು ಭಾಗದ ಬ್ಯಾರಿ ಕುಟುಂಬಗಳಲ್ಲಿ ಎಂಜಿನಿಯರಿಂಗ್ ಮುಗಿಸಿ ಗಲ್ಫ್‌ಗೋ ಬೆಂಗಳೂರಿಗೋ ಹೋಗುವುದು ಈಗ ಮಾಮೂಲು. ಆದರೆ ನಾಲ್ಕೈದು ವರ್ಷ ಸೈಟ್‌ನಲ್ಲೋ ಐಟಿ ಕಂಪೆನಿಯಲ್ಲೋ ದುಡಿದ ಮೇಲೆ ‘ನನಗೆ ಬೇಕಾಗಿದ್ದದ್ದು ಡಾಕ್ಟರ್ ಕೆಲಸ’ ಅನ್ನುವವರೂ ಇದ್ದಾರೆ. ಅಂಥವರಿಗೆ ಮನೆಯಲ್ಲಿ ಮೊದಲು ಸಿಗುವ ಉತ್ತರ ‘ಪ್ರಾಯ ಆಯ್ತು, ಇನ್ನು ಬಿಡೋದಿಲ್ಲ’ ಅಂತ. ಈ ಉತ್ತರ ಈಗ ಸರಿಯಲ್ಲ. ಹಿಂದೊಮ್ಮೆ ಸರಿಯಿತ್ತು, ಆಮೇಲೆ ನಿಯಮ ಬದಲಾಯಿತು. ಬದಲಾದ ವಿಷಯ ಎಷ್ಟೋ ಮನೆಗಳಿಗೆ ತಲುಪಿಲ್ಲ.

2018ರಲ್ಲಿ ನೀಟ್ ಬರೆಯಲು ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಕ್ಕೆ 30 ವರ್ಷದ ಗರಿಷ್ಠ ಮಿತಿ ಬಂದಿತ್ತು. ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಆ ಬಳಿಕ ಸುಪ್ರೀಂ ಕೋರ್ಟ್, ಅಂತಿಮ ತೀರ್ಪಿಗೆ ಒಳಪಟ್ಟು, ಹೆಚ್ಚು ಪ್ರಾಯದವರೂ ಬರೆಯಬಹುದು ಎಂದಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) 2021ರ ಅಕ್ಟೋಬರ್ 21ರ ಸಭೆಯಲ್ಲಿ ಮಿತಿಯನ್ನೇ ತೆಗೆದುಹಾಕಿತು. 2022ರ ಮಾರ್ಚ್‌ನಲ್ಲಿ ಇದು ಪ್ರಕಟವಾಯಿತು. ಈಗ ಇರುವುದು ಕನಿಷ್ಠ ಮಿತಿ ಮಾತ್ರ: ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೂ ಮಿತಿ ಇಲ್ಲ. 2020ರಲ್ಲಿ ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ರ ಪ್ರಾಯದಲ್ಲಿ ಸರಕಾರಿ ಎಂಬಿಬಿಎಸ್ ಸೀಟು ಪಡೆದದ್ದು ದೇಶವಿಡೀ ಸುದ್ದಿಯಾಗಿತ್ತು.

ಎರಡನೇ ತಡೆ ಜೀವಶಾಸ್ತ್ರದ್ದು. ಎಂಜಿನಿಯರ್‌ಗಳಿಗೆ ನಿಜವಾಗಿ ಬಾಗಿಲು ಹಾಕಿದ್ದು ಪ್ರಾಯವಲ್ಲ, ಇದು. ಹನ್ನೊಂದು, ಹನ್ನೆರಡನೇ ತರಗತಿಗಳಲ್ಲಿ ಎರಡು ವರ್ಷ ಪ್ರಯೋಗಾಲಯದ ಸಮೇತ ಬಯಾಲಜಿ ಓದಿರಬೇಕು, ಆಮೇಲೆ ಸೇರಿಸಿಕೊಂಡರೆ ಆಗದು ಎಂಬ ಹಳೆಯ ನಿಯಮ ಇತ್ತು. 2023ರ ನವೆಂಬರ್ 22ರ ಪ್ರಕಟಣೆಯಲ್ಲಿ ಎನ್‌ಎಂಸಿ ಇದನ್ನು ಸಡಿಲಿಸಿತು. ಪಿಸಿಎಂ ಮಾತ್ರ ಓದಿ ಹನ್ನೆರಡನೇ ತರಗತಿ ಪಾಸಾದವರು ಮಾನ್ಯತೆ ಇರುವ ಮಂಡಳಿಯಿಂದ ಬಯಾಲಜಿ ಅಥವಾ ಬಯೋಟೆಕ್ನಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೆ ನೀಟ್‌ಗೆ ಅರ್ಹರು.

ಆದರೆ ಅರ್ಜಿ ಹಾಕಲು ಓಡುವ ಮೊದಲು ಹಳೆಯ ಮಾರ್ಕ್ಸ್ ಕಾರ್ಡ್ ತೆಗೆದು ನೋಡುವುದು ಒಳ್ಳೆಯದು. ದಕ್ಷಿಣ ಕನ್ನಡದ ಪಿಯು ಕಾಲೇಜುಗಳಲ್ಲಿ ಓದಿ ಎಂಜಿನಿಯರಿಂಗ್‌ಗೆ ಹೋದ ಬಹಳಷ್ಟು ಮಂದಿ ತೆಗೆದುಕೊಂಡದ್ದು ಪಿಸಿಎಂಬಿ. ಅವರ ಬಯಾಲಜಿ ಅಲ್ಲೇ ಇದೆ, ಹೊಸದಾಗಿ ಏನೂ ಬರೆಯಬೇಕಾಗಿಲ್ಲ. ತೊಂದರೆ ಇರುವುದು ಕಂಪ್ಯೂಟರ್ ಸಯನ್ಸ್, ಇಲೆಕ್ಟ್ರಾನಿಕ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರಿಗೆ. ಕೇರಳದ ಪ್ಲಸ್ ಟುವಿನಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸಯನ್ಸ್ ಬ್ಯಾಚ್‌ನಲ್ಲಿ ಕೂತವರಿಗೂ ಹಾಗೆಯೇ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗದವರಿಗೆ 50, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 40 ಶೇಕಡ ಇರಬೇಕು. ಇಂಗ್ಲಿಷ್ ಪಾಸಾಗಿರಬೇಕು. ಎಂಜಿನಿಯರಿಂಗ್‌ನಲ್ಲಿ ಎಷ್ಟು ಸಿಜಿಪಿಎ ಅಂತ ಇಲ್ಲಿ ಯಾರೂ ಕೇಳುವುದಿಲ್ಲ.

ನೀಟ್‌ನ 180 ಪ್ರಶ್ನೆಗಳಲ್ಲಿ ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಡಿತ, ಒಟ್ಟು 720. ಎಂಜಿನಿಯರ್‌ಗೆ ಫಿಸಿಕ್ಸ್ ಬೇಗ ಕೈಗೆ ಬರುತ್ತದೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಅಷ್ಟು ಬೇಗ ಬರುವುದಿಲ್ಲ. ಸೀಟು ನಿರ್ಧಾರವಾಗುವುದು ಮಾತ್ರ ಬಯಾಲಜಿಯ 360 ಅಂಕಗಳಲ್ಲಿ. ಸೂತ್ರ ಬಿಡಿಸುವ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರದು. ಎನ್‌ಸಿಇಆರ್‌ಟಿ ಪುಸ್ತಕವನ್ನು ಗೆರೆ ಗೆರೆಯಾಗಿ ಓದಬೇಕು. 2025ರಲ್ಲಿ ಪರೀಕ್ಷೆ ಬರೆದವರು 22 ಲಕ್ಷಕ್ಕಿಂತ ಹೆಚ್ಚು, ‘ಕ್ವಾಲಿಫೈ’ ಆದವರು 12 ಲಕ್ಷಕ್ಕೂ ಮೇಲೆ. ದೇಶದಲ್ಲಿ ಎಂಬಿಬಿಎಸ್ ಸೀಟುಗಳು ಸುಮಾರು 1.2 ಲಕ್ಷ. ಕ್ವಾಲಿಫೈ ಆಯ್ತು ಅಂತ ಸಿಹಿ ಹಂಚುವವರು ಈ ಲೆಕ್ಕ ನೋಡಬೇಕು.

ಗಡಿನಾಡಿನವರಿಗೆ ಗೊಂದಲ ಶುರುವಾಗುವುದು ಯಾವ ರಾಜ್ಯದ ಸೀಟು ಎಂಬಲ್ಲಿ. ಉಪ್ಪಳದ ಹುಡುಗ ಮಂಗಳೂರಿನಲ್ಲಿ ನಾಲ್ಕು ವರ್ಷ ಬಿಇ ಓದಿದ್ದಾನೆ ಎಂದಿಟ್ಟುಕೊಳ್ಳಿ. ಅಲ್ಲೇ ಓದಿದ್ದರಿಂದ ಕರ್ನಾಟಕದ ಕೋಟಾ ಸಿಗುತ್ತದೆ ಅಂತ ಅವನು ತಿಳಿದಿರುತ್ತಾನೆ. ಸಿಗುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೇಳುವುದು ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷದ ಓದು. ಬಿಇ ವರ್ಷಗಳು ಲೆಕ್ಕಕ್ಕಿಲ್ಲ. ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಕಲಮು ಇದೆ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಅದರಲ್ಲಿ ಬರುತ್ತವೆ. ಆದರೆ ಅಲ್ಲಿ ಕೇಳುವ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ. ಜೊತೆಗೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಬ್ಯಾರಿ ಆ ಪಟ್ಟಿಯಲ್ಲಿಲ್ಲ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಬ್ಯಾರಿ ಮಾತಾಡಿ ಬೆಳೆದ ಮಕ್ಕಳ ಮಟ್ಟಿಗೆ ಇದೊಂದು ವಿಚಿತ್ರ ಸ್ಥಿತಿ. ಕಲಮು ಯಾವ ಕೋರ್ಸಿಗೆ, ಎಷ್ಟು ಸೀಟಿಗೆ ಅನ್ವಯ ಎಂಬುದನ್ನು ಆಯಾ ವರ್ಷದ ಕೆಇಎ ಕೈಪಿಡಿಯಲ್ಲೇ ಓದಿಕೊಳ್ಳಬೇಕು, ಏಜೆಂಟರ ಬಾಯಿಂದ ಕೇಳಿ ಅಲ್ಲ.

ಹಾಗಾಗಿ ಕಾಸರಗೋಡಿನವರಿಗೆ ಗಟ್ಟಿ ದಾರಿ ಕೇರಳದ್ದು. ಮೂಲ ಕೇರಳದವರು ಎಂದು ವಿಲೇಜ್ ಆಫೀಸಿನ ನೇಟಿವಿಟಿ ಸರ್ಟಿಫಿಕೇಟಿನಿಂದಲೋ ಜನನ ದಾಖಲೆಯಿಂದಲೋ ತೋರಿಸಿದರೆ ಮಂಗಳೂರಿನಲ್ಲಿ ಓದಿದ್ದು ಅಡ್ಡಿಯಾಗದು. ವೃತ್ತಿಪರ ಕೋರ್ಸ್‌ಗಳಲ್ಲಿ ಮುಸ್ಲಿಮರಿಗೆ 8 ಶೇಕಡ ಮೀಸಲಾತಿ ಇದೆ, ಆದಾಯ ಮಿತಿಗೆ ಒಳಪಟ್ಟು. ಇಲ್ಲಿ ಒಂದು ಕಡೆ ಎಡವುವವರು ಜಾಸ್ತಿ: ನೀಟ್ ಬರೆದರೆ ಸಾಲದು, ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರಿಗೆ ಕೀಮ್ ಅರ್ಜಿಯನ್ನೂ ಹಾಕಿರಬೇಕು. ಸಾಮಾನ್ಯವಾಗಿ ಇದು ನೀಟ್ ಫಲಿತಾಂಶಕ್ಕೆ ತಿಂಗಳುಗಳ ಮೊದಲೇ ಮುಗಿಯುತ್ತದೆ. ಅರ್ಜಿ ಇಲ್ಲದಿದ್ದರೆ ಎಷ್ಟೇ ಅಂಕ ಬಂದರೂ ರಾಜ್ಯದ ವೈದ್ಯಕೀಯ ರ್‍ಯಾಂಕ್ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಮತ್ತೊಮ್ಮೆ ಅವಕಾಶ ಕೊಡುತ್ತಾರೆ ಅಂತ ಕಾಯುವುದು ಜಾಣತನವಲ್ಲ.

ಈ ಜಿಲ್ಲೆಗೆ ಡಾಕ್ಟರುಗಳು ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ಕಾಸರಗೋಡಿನ ಹಲವು ರೋಗಿಗಳು ತೀರಿಕೊಂಡರು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ; 50 ಎಂಬಿಬಿಎಸ್ ಸೀಟುಗಳಿಗೆ ಎನ್‌ಎಂಸಿ ಅನುಮತಿ ಬಂದದ್ದು 2025ರಲ್ಲಿ.

ಇನ್ನು ಎರಡೂ ರಾಜ್ಯದವರಿಗೆ ತೆರೆದಿರುವುದು ಸರಕಾರಿ ಕಾಲೇಜುಗಳ 15 ಶೇಕಡ ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿವಿಗಳು. ಮಂಗಳೂರಿನ ಕೆಎಂಸಿ, ದೇರಳಕಟ್ಟೆಯ ಯೆನೆಪೋಯ, ಕೆ.ಎಸ್. ಹೆಗ್ಡೆ ಈ ಡೀಮ್ಡ್ ಗುಂಪಿನವು. ಇಲ್ಲಿ ಊರು ಕೇಳುವುದಿಲ್ಲ, ದುಡ್ಡು ಕೇಳುತ್ತಾರೆ. ಇಂಥ ಹಲವು ಕಡೆ ವರ್ಷದ ಶುಲ್ಕವೇ 15 ಲಕ್ಷ ದಾಟುತ್ತದೆ. ಬಡ್ಡಿ ಸಾಲಕ್ಕೆ ಕೈಹಾಕಲು ಮನಸ್ಸೊಪ್ಪದವರಿಗೆ ಕರ್ನಾಟಕದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆ ಇದೆ, 2 ಶೇಕಡ ಸೇವಾ ಶುಲ್ಕದ್ದು. ಮೊದಲೇ ಒಂದು ಡಿಗ್ರಿ ಮುಗಿಸಿದವರು ತಮಗೆ ಅರ್ಹತೆ ಇದೆಯೇ ಎಂದು ನಿಗಮದ ಜಿಲ್ಲಾ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು.

ಎಂಜಿನಿಯರಿಂಗ್ ಅರ್ಧದಲ್ಲಿ ಇರುವವರ ಕತೆ ಬೇರೆ. ಬಿಡುವಾಗ ಕಾಲೇಜಿನವರು ಉಳಿದ ವರ್ಷಗಳ ಫೀಸ್ ಕಟ್ಟಿದರೆ ಮಾತ್ರ ಒರಿಜಿನಲ್ ದಾಖಲೆ ಕೊಡ್ತೇವೆ ಅಂದರೆ ಹೆದರಬೇಕಾಗಿಲ್ಲ. ಮೂಲ ದಾಖಲೆಗಳನ್ನು ಇಟ್ಟುಕೊಳ್ಳಬಾರದು ಎಂದು ಯುಜಿಸಿ ಮತ್ತು ಎಐಸಿಟಿಇ ಎರಡೂ ಹೇಳಿವೆ. ಲಿಖಿತ ದೂರು ಕೊಡಬಹುದು.

ಸೀಟು ಸಿಕ್ಕಿದ ಮೇಲೆ ಬಿಇ ಡಿಗ್ರಿಗೆ ಯಾವ ರಿಯಾಯಿತಿಯೂ ಇಲ್ಲ. ಅಮೆರಿಕದಲ್ಲಿ ಡಿಗ್ರಿ ಮುಗಿಸಿದವರು ನಾಲ್ಕು ವರ್ಷದ ಎಂಡಿಗೆ ಹೋಗುತ್ತಾರೆ, ಬ್ರಿಟನ್‌ನಲ್ಲೂ ಪದವೀಧರರಿಗೆ ನಾಲ್ಕು ವರ್ಷದ ಕೋರ್ಸ್‌ಗಳಿವೆ. ಭಾರತದಲ್ಲಿ ಎಲ್ಲರಿಗೂ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. 2023ರ ನಿಯಮದಂತೆ ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ, ಇಡೀ ಕೋರ್ಸ್ 9 ವರ್ಷದೊಳಗೆ ಮುಗಿಯಬೇಕು. 26ರಲ್ಲಿ ತಯಾರಿಗೆ ಕೂತು ಮೊದಲ ಸಲವೇ ಸೀಟು ಸಿಕ್ಕಿದರೂ ಎಂಬಿಬಿಎಸ್ ಆಗುವಾಗ 32 ಅಥವಾ 33, ಮೂರು ವರ್ಷದ ಎಂಡಿ ಸೇರಿದರೆ 36. ಅಷ್ಟು ಕಾಲ ಮನೆಗೆ ಬರುತ್ತಿದ್ದ ಸಂಬಳ ಇರುವುದಿಲ್ಲ. ತಂಗಿಯ ಮದುವೆ, ಮನೆ ಸಾಲ, ಉಪ್ಪನ ಔಷಧಿ ಯಾರ ಲೆಕ್ಕಕ್ಕೆ ಎಂದು ಮೊದಲೇ ಮಾತಾಡಿಕೊಂಡವರು ಅರ್ಧದಲ್ಲಿ ವಾಪಸ್ ಬರುವುದು ಕಡಿಮೆ.

ವಿದೇಶದಲ್ಲಿ ಓದುವೆ ಅನ್ನುವವರಿಗೂ ನೀಟ್ ಅರ್ಹತೆ ಕಡ್ಡಾಯ. 2021ರ ನಿಯಮದಂತೆ ಕೋರ್ಸ್ ಇಂಗ್ಲಿಷ್‌ನಲ್ಲಿ ಕನಿಷ್ಠ 54 ತಿಂಗಳಿನದ್ದಾಗಿರಬೇಕು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಭಾರತಕ್ಕೆ ಬಂದು ಪರವಾನಗಿ ಪರೀಕ್ಷೆ, ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಫೀಸ್ ಕಡಿಮೆ ಎಂಬ ಜಾಹೀರಾತಿನಲ್ಲಿ ಈ ಕೊನೆಯ ಎರಡು ಸಾಲು ಸಾಮಾನ್ಯವಾಗಿ ಇರುವುದಿಲ್ಲ.

ನೀಟ್ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಆದಿತ್ಯವಾರ. ಫಾರ್ಮ್ ತುಂಬುವುದು ಅದಕ್ಕೆ ಎರಡು ಮೂರು ತಿಂಗಳು ಮೊದಲು. ಗಲ್ಫ್‌ನಲ್ಲಿರುವವರು ಅಲ್ಲಿಂದಲೇ ಬರೆಯಬಹುದು, ದುಬೈ, ಅಬುಧಾಬಿ, ದೋಹಾ, ರಿಯಾದ್, ಮಸ್ಕತ್‌ಗಳಲ್ಲಿ ಕೇಂದ್ರಗಳಿವೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ, ಆದರೆ ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕನ್ನಡ ಮಾಧ್ಯಮದವರು ಕನ್ನಡ ಬೇಕಿದ್ದರೆ ಫಾರ್ಮ್‌ನಲ್ಲೇ ಮಂಗಳೂರು ಕೇಂದ್ರ ಗುರುತು ಹಾಕಬೇಕು.