ಬಂದವರು ನಿಲ್ಲದ ಶಾಲೆಗಳು: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಿಕ್ಷಕರು ಮತ್ತು ಸರ್ಕಾರಿ ನಿಯಮಗಳು

ಪ್ರವೇಶ

ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ, ಶಾಲಾ ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಅದಕ್ಕೆ ತನ್ನದೇ ಉಪನಿರ್ದೇಶಕರ ಕಚೇರಿ ಇದೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವೂ ಇದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಇವುಗಳಲ್ಲಿ ಮಧುಗಿರಿ, ಶಿರಾ, ಪಾವಗಡಗಳನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು.

ಇಂಥ ಸೀಮೆಯಲ್ಲಿ ಶಿಕ್ಷಕರು ಸಾಲದಿದ್ದರೆ ನೇಮಕಾತಿ ತಡವಾಯಿತೆಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಅರ್ಧ ಸತ್ಯ. ನೇಮಕಾತಿ, ವೇತನ, ವರ್ಗಾವಣೆಯ ನಿಯಮಗಳನ್ನು ಒಟ್ಟಿಗಿಟ್ಟು ಓದಿದರೆ, ನೇಮಕಾತಿ ಕರೆತಂದ ಶಿಕ್ಷಕರಿಗೆ ಇಲ್ಲೇ ನೆಲೆಸಲು ಉಳಿದ ನಿಯಮಗಳು ಯಾವ ಕಾರಣವನ್ನೂ ಕೊಡುವುದಿಲ್ಲ ಎಂಬುದು ಕಾಣುತ್ತದೆ. ಈ ಲೇಖನದ ವಾದ ಅದೇ.

ಒಂದು ಜಿಲ್ಲೆ, ನಾಲ್ಕು ದೂರ

ನಾಲ್ಕೂ ತಾಲ್ಲೂಕುಗಳನ್ನು ಒಂದೇ ಘಟಕವೆಂದು ಎಣಿಸುವುದರಲ್ಲೇ ತೊಡಕಿದೆ. ಕೊರಟಗೆರೆ ತುಮಕೂರಿಗೆ ಹತ್ತಿರ. ಶಿರಾ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ತುಮಕೂರಿನಲ್ಲಿ ಮನೆ ಮಾಡಿಕೊಂಡು ದಿನವೂ ಈ ಊರುಗಳಿಗೆ ಹೋಗಿಬರುವುದು ಕಷ್ಟವಾದರೂ ಸಾಧ್ಯ. ತುಮಕೂರಿನಿಂದ ಸುಮಾರು 100 ಕಿ.ಮೀ. ದೂರದ ಪಾವಗಡಕ್ಕೆ ಅದು ಆಗದ ಮಾತು. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಆ ತಾಲ್ಲೂಕಿನ ಅನೇಕ ಮನೆಗಳ ಮಾತು ತೆಲುಗು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ನಲಿ-ಕಲಿ ತರಗತಿಗೆ ಮೈಸೂರಿನ ಕಡೆಯಿಂದ ಬಂದ ಶಿಕ್ಷಕಿ ಮೊದಲ ತಿಂಗಳುಗಳಲ್ಲಿ ಪಾಠಕ್ಕಿಂತ ಮಕ್ಕಳ ಮಾತು ತಿಳಿಯುವುದಕ್ಕೇ ಹೆಚ್ಚು ಹೆಣಗಬೇಕಾಗುತ್ತದೆ. ಗಂಡನ ನೌಕರಿ ಬೆಂಗಳೂರಿನಲ್ಲಿದ್ದರೆ ಆಕೆಯ ಕಣ್ಣು ವರ್ಗಾವಣೆ ಕೌನ್ಸೆಲಿಂಗ್‌ನ ‘ಪತಿ-ಪತ್ನಿ ಪ್ರಕರಣ’ದ ಮೇಲಿರುವುದು ಸಹಜ.

ಶಾಲೆಯ ಲೆಕ್ಕ, ತಾಲ್ಲೂಕಿನ ಲೆಕ್ಕ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಬೇಕು. ಅದೇ ಕಾಯ್ದೆಯ 26ನೆಯ ಸೆಕ್ಷನ್, ಯಾವುದೇ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದೆನ್ನುತ್ತದೆ. ಇಬ್ಬರೇ ಶಿಕ್ಷಕರ ಶಾಲೆಯಿಂದ ಒಬ್ಬರು ಹೋದರೆ ಖಾಲಿ ಪ್ರಮಾಣ ಶೇ 50. ಉಳಿದವರು ಐದೂ ತರಗತಿ ನೋಡಿಕೊಂಡು ಬಿಸಿಯೂಟದ ಅಕ್ಕಿ-ಬೇಳೆ, ಮೊಟ್ಟೆ, ಹಾಲಿನ ಪುಡಿಯ ಲೆಕ್ಕ ಬರೆಯಬೇಕು, ಮಕ್ಕಳ ದಾಖಲೆ ಇಡುವ ತಂತ್ರಾಂಶ ಎಸ್‌ಎಟಿಎಸ್‌ಗೆ ಮಾಹಿತಿ ತುಂಬಬೇಕು. ತರಬೇತಿಗೋ ಸಭೆಗೋ ಕರೆ ಬಂದ ದಿನ ಶಾಲೆ ನಡೆಸುವವರೇ ಇಲ್ಲ. ತಾಲ್ಲೂಕಿನ ಸರಾಸರಿಯಲ್ಲಿ ಈ ಶಾಲೆ ಕಾಣುವುದೇ ಇಲ್ಲ. ಒಬ್ಬರು ಹೋದದ್ದರಿಂದ ಉಳಿದವರ ಹೊರೆ ಹೆಚ್ಚುತ್ತದೆ. ಆ ಹೊರೆಯೇ ಅವರನ್ನೂ ವರ್ಗಾವಣೆಯ ಅರ್ಜಿಯತ್ತ ತಳ್ಳುತ್ತದೆ.

ನಿಯಮಗಳ ಒಲವು

ರಾಜ್ಯದ ಏಳನೆಯ ವೇತನ ಆಯೋಗದ ನಂತರ ಬೆಂಗಳೂರಿನ ನೌಕರರಿಗೆ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 20. ಹಳ್ಳಿಯಲ್ಲಿ ಶೇ 7.5. ನಗರದ ಬಾಡಿಗೆ ದುಬಾರಿ ಎಂಬ ತರ್ಕ ಸರಿಯೇ. ಆದರೆ ಗಡಿಹಳ್ಳಿಯಲ್ಲಿ ವಾಸಕ್ಕೆ ತಕ್ಕ ಮನೆ ಸಿಗದೆ ಪಟ್ಟಣದಲ್ಲಿ ಮನೆ ಮಾಡಿ, ದಿನವೂ ಬಸ್ಸಿಗೆ ಹಣ ತೆರುವವರ ಖರ್ಚು ಈ ತರ್ಕದೊಳಗೆ ಬರುವುದಿಲ್ಲ.

ವರ್ಗಾವಣೆಯ ನಿಯಮ ಇನ್ನೊಂದು ಬಗೆಯದು. 2019ರ ಕಡ್ಡಾಯ ವರ್ಗಾವಣೆಯ ಅಸಮಾಧಾನದ ಬೆನ್ನಿಗೆ 2020ರಲ್ಲಿ ಹೊಸ ಕಾಯ್ದೆ ಬಂತು. ಅದರಡಿಯ ಪ್ರಕ್ರಿಯೆಯಲ್ಲಿ ಶೇ 25ಕ್ಕಿಂತ ಹೆಚ್ಚು ಹುದ್ದೆ ಖಾಲಿ ಇರುವ ತಾಲ್ಲೂಕಿನಿಂದ ಹೊರಹೋಗುವುದಕ್ಕೆ ತಡೆ ಹಾಕಲಾಯಿತು. ಮಕ್ಕಳ ಹಿತದಿಂದ ನೋಡಿದರೆ ಈ ತಡೆ ಬೇಕು. ಆದರೆ ಒಮ್ಮೆ ಹೋದರೆ ಹೊರಬರುವ ದಾರಿಯಿಲ್ಲ ಎಂಬ ಸುದ್ದಿ ಹಬ್ಬಿದ ತಾಲ್ಲೂಕನ್ನು ಹೊಸಬರು ಆಯ್ದುಕೊಳ್ಳುವುದಿಲ್ಲ. ಇರುವವರನ್ನು ಕಟ್ಟಿಹಾಕುವ ನಿಯಮವೇ ಬರುವವರನ್ನು ಹೆದರಿಸುತ್ತದೆ.

ನೇಮಕಾತಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಿಂದ ಸ್ಥಳೀಯ ವೃಂದದ ಆಸರೆಯಿದೆ. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ಆ ಭಾಗಕ್ಕೆ ಮೀಸಲಾಗಿದ್ದವು. ನಂಜುಂಡಪ್ಪ ವರದಿ ಗುರುತಿಸಿದ್ದರೂ ಪಾವಗಡದಂಥ ತಾಲ್ಲೂಕಿಗೆ ಅಂಥ ಆಸರೆಯಿಲ್ಲ.

ಅತಿಥಿ ಶಿಕ್ಷಕರು

ಖಾಲಿ ಜಾಗ ತುಂಬುವವರು ಅತಿಥಿ ಶಿಕ್ಷಕರು. 2025ರ ಏರಿಕೆಯ ನಂತರವೂ ಪ್ರಾಥಮಿಕ ಶಾಲೆಯಲ್ಲಿ ಅವರ ಗೌರವಧನ ತಿಂಗಳಿಗೆ 12,000 ರೂಪಾಯಿ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ. ಇವರಲ್ಲಿ ಅನೇಕರು ಸುತ್ತಲಿನ ಹಳ್ಳಿಯವರೇ. ಮಕ್ಕಳ ಮನೆಮಾತು ಬಲ್ಲವರು, ಸಂಜೆ ಬಸ್ಸಿಗೆ ಓಡಬೇಕಿಲ್ಲದವರು. ಇಲ್ಲೇ ಉಳಿಯಬಲ್ಲವರಿಗೆ ಕಾಯಂ ಹುದ್ದೆಯಿಲ್ಲ. ಕಾಯಂ ಹುದ್ದೆಯಿರುವವರಿಗೆ ಉಳಿಯುವ ಮನಸ್ಸಿಲ್ಲ.

ಸಮಾರೋಪ

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ 2006ರಲ್ಲಿ ದೂರದ ಶಾಲೆಗಳ ಶಿಕ್ಷಕರಿಗೆ, ದೂರ ಹೆಚ್ಚಿದಂತೆ ಹೆಚ್ಚುವ ವಿಶೇಷ ಭತ್ಯೆ ಆರಂಭಿಸಿತು. ಇಲ್ಲಿಯೂ ಭತ್ಯೆಯನ್ನು ಊರಿನ ಜನಸಂಖ್ಯೆಯ ಬದಲು ಶಾಲೆಯ ದುರ್ಗಮತೆಗೆ ತಕ್ಕಂತೆ ಗೊತ್ತುಮಾಡಬಹುದು. ಅನಿರ್ದಿಷ್ಟ ತಡೆಗೆ ಬದಲಾಗಿ, ಇಂತಿಷ್ಟು ವರ್ಷ ದುಡಿದವರಿಗೆ ಕೇಳಿದ ಕಡೆಗೆ ವರ್ಗಾವಣೆ ಖಚಿತವೆಂಬ ಭರವಸೆ ಕೊಡಬಹುದು. ಮಧುಗಿರಿ ಡಯಟ್ ಮೂಲಕ ಸ್ಥಳೀಯ ಯುವಜನರನ್ನು ಶಿಕ್ಷಕರ ಅರ್ಹತಾ ಪರೀಕ್ಷೆಗೆ (ಟಿಇಟಿ) ಸಿದ್ಧಗೊಳಿಸಿ, ಅತಿಥಿ ಸೇವೆಗೆ ನೇಮಕಾತಿಯಲ್ಲಿ ಅಂಕದ ಮನ್ನಣೆ ಕೊಡುವುದು ಮೂರನೆಯ ದಾರಿ. ಭತ್ಯೆಗೆ ಹಣ ಬೇಕು, ಅಂಕಕ್ಕೆ ನಿಯಮದ ತಿದ್ದುಪಡಿ ಬೇಕು. ಇವೆರಡೂ ಆಗದೆ ನೇಮಕಾತಿಯೊಂದನ್ನೇ ನೆಚ್ಚಿದರೆ, ಪ್ರತಿ ಸಲ ತುಂಬಿದ ಹುದ್ದೆಗಳು ಮುಂದಿನ ಕೌನ್ಸೆಲಿಂಗ್‌ನಲ್ಲಿ ಮತ್ತೆ ಖಾಲಿಯಾಗುತ್ತವೆ.